ಆರತಕ್ಷತೆಯ ರಾತ್ರಿ, ಧಾರೆಯ ಬೆಳಿಗ್ಗೆ: ಮದುವೆ ಮೇಕಪ್ ಕರಗದ ಹಾಗೆ ನೋಡಿಕೊಳ್ಳುವುದು ಹೇಗೆ

ನಮ್ಮ ಕಡೆ ಒಂದು ಮದುವೆಗೆ ಎರಡು ಮೇಕಪ್. ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಧಾರೆ. ಸಂಜೆ ಏಳಕ್ಕೆ ವೇದಿಕೆ ಹತ್ತಿದ ಹುಡುಗಿ ಇಳಿಯುವುದು ಹತ್ತೂವರೆಗೋ ಹನ್ನೊಂದಕ್ಕೋ. ಊಟ ಮುಗಿಸಿ ತಲೆ ಕೆಳಗಿಡುವಾಗ ಹನ್ನೆರಡು. ಬೆಳಗಿನ ಜಾವ ನಾಲ್ಕಕ್ಕೆ ಮಂಗಳಸ್ನಾನಕ್ಕೆ ಎಬ್ಬಿಸುತ್ತಾರೆ. ಎದ್ದವಳೇ ಮತ್ತೆ ಕನ್ನಡಿ ಮುಂದೆ.

ವಿಡಿಯೊಗಳಲ್ಲೆಲ್ಲ ಮೇಕಪ್ ನಿಲ್ಲಿಸುವುದನ್ನಷ್ಟೇ ಹೇಳಿಕೊಡುತ್ತಾರೆ. ನಮ್ಮ ಕಷ್ಟ ಬೇರೆ. ರಾತ್ರಿಯ ಮೇಕಪ್ ಐದು ಗಂಟೆ ಅಲುಗಾಡಬಾರದು. ಆಮೇಲೆ ಒಂದು ಚೂರೂ ಉಳಿಯದ ಹಾಗೆ ಹೋಗಬೇಕು. ಸರಿಯಾಗಿ ನಿದ್ದೆಯಿಲ್ಲದ ಮುಖದ ಮೇಲೆ ಬೆಳಿಗ್ಗೆ ಇನ್ನೊಂದು ಕೂರಬೇಕು. ಅದು ಹೋಮದ ಹೊಗೆ, ಅರಿಶಿನ ಕುಂಕುಮ, ಕಣ್ಣೀರು, ಬಾಳೆಲೆ ಊಟ ಎಲ್ಲ ದಾಟಿ ಮಧ್ಯಾಹ್ನದ ತನಕ ಬರಬೇಕು. ಹಾಗಾಗಿ ಹಚ್ಚುವ ವಿಷಯದಷ್ಟೇ ತೆಗೆಯುವ ವಿಷಯವನ್ನೂ ಇಲ್ಲಿ ಬರೆದಿದ್ದೇನೆ. ಪಾರ್ಲರ್‌ನವರನ್ನು ಕರೆಸುವವರಿಗೂ, ತಾವೇ ಮಾಡಿಕೊಳ್ಳುವವರಿಗೂ ಎರಡೂ ಬೇಕಾಗುತ್ತದೆ.

ಒಂದೆರಡು ತಿಂಗಳ ಮುಂಚೆ

ದಿನ ಗೊತ್ತಾದ ಕೂಡಲೇ ಅತ್ತೆ, ಚಿಕ್ಕಮ್ಮ, ಪಕ್ಕದ ಮನೆ ಆಂಟಿ ಎಲ್ಲರೂ ಒಂದೊಂದು ಕ್ರೀಮ್ ಹೆಸರು ಹೇಳುತ್ತಾರೆ. ಹತ್ತೇ ದಿನದಲ್ಲಿ ಬೆಳ್ಳಗೆ ಮಾಡುವ ಕ್ರೀಮ್‌ಗಳ ಸಹವಾಸ ಬೇಡ. ಮೆಡಿಕಲ್ ಶಾಪ್‌ನಲ್ಲಿ ಸಿಗುವ ಇಂಥ ಟ್ಯೂಬ್‌ಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ಹೊಳೆಯುತ್ತದೆ. ಹಚ್ಚುತ್ತಾ ಹೋದರೆ ಚರ್ಮ ತೆಳ್ಳಗಾಗುತ್ತದೆ, ಕೆಂಪಾಗುತ್ತದೆ. ನಿಲ್ಲಿಸಿದ ಕೂಡಲೇ ಮೊಡವೆ, ಉರಿ ಶುರು. ಆ ಚರ್ಮದ ಮೇಲೆ ಎಷ್ಟೇ ದುಬಾರಿ ಫೌಂಡೇಶನ್ (ಇಡೀ ಮುಖಕ್ಕೆ ಹಚ್ಚುವ ಚರ್ಮದ ಬಣ್ಣದ ಕ್ರೀಮ್) ಹಾಕಿದರೂ ನಿಲ್ಲುವುದಿಲ್ಲ. ಮೊಡವೆ ಜಾಸ್ತಿ ಇದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಮದುವೆಗೆ ಎರಡು ಮೂರು ತಿಂಗಳು ಇರುವಾಗಲೇ ಹೋಗಿ, ಮೊಡವೆಯ ಚಿಕಿತ್ಸೆ ಎರಡು ವಾರದಲ್ಲಿ ಮುಗಿಯುವಂಥದ್ದಲ್ಲ.

ಟ್ರಯಲ್ ಮಾಡಿಸಿಕೊಳ್ಳಿ. ಪಾರ್ಲರ್‌ನ ತಂಪು ರೂಮಿನಲ್ಲಿ ಮಾಡಿಸಿಕೊಂಡು, ಸೆಲ್ಫಿ ತೆಗೆದು, ಮನೆಗೆ ಬಂದು ತೊಳೆದರೆ ಅದು ಟ್ರಯಲ್ ಆಗುವುದಿಲ್ಲ. ಮೇಕಪ್ ಇಟ್ಟುಕೊಂಡೇ ಆರು ಗಂಟೆ ಇರಿ. ಬಸ್ಸಿನಲ್ಲಿ ಓಡಾಡಿ, ಊಟ ಮಾಡಿ, ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕಿ. ಎಲ್ಲಿ ಮೊದಲು ಬಿಟ್ಟುಕೊಳ್ಳುತ್ತದೆ ನೋಡಿ. ಕೆಲವರಿಗೆ ಮೂಗಿನ ಪಕ್ಕ, ಕೆಲವರಿಗೆ ಮೇಲ್ದುಟಿ, ಕೆಲವರಿಗೆ ಹಣೆ. ನಿಮ್ಮ ಮುಖದಲ್ಲಿ ಅದು ಎಲ್ಲಿ ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಅವತ್ತೇ ಬಣ್ಣವನ್ನೂ ತೀರ್ಮಾನ ಮಾಡಿ. ಫೌಂಡೇಶನ್ ಶೇಡ್ ನೋಡಬೇಕಾದದ್ದು ದವಡೆಯ ಮೇಲೆ, ಕಿಟಕಿ ಬೆಳಕಿನಲ್ಲಿ. ಹಚ್ಚಿ ಹತ್ತು ನಿಮಿಷ ಬಿಟ್ಟು ನೋಡಿ, ಕೆಲವು ಫೌಂಡೇಶನ್ ಗಾಳಿ ಮತ್ತು ಚರ್ಮದ ಎಣ್ಣೆ ತಾಕಿ ಸ್ವಲ್ಪ ಕಪ್ಪಾಗುತ್ತವೆ. ನಮ್ಮಲ್ಲಿ ಎರಡು ಶೇಡ್ ಬೆಳ್ಳಗೆ ಹಾಕುವ ಚಾಳಿ ಇನ್ನೂ ಹೋಗಿಲ್ಲ. ನನ್ನ ಮಟ್ಟಿಗೆ ಮದುವೆ ಮೇಕಪ್ ಕೆಡುವುದಕ್ಕೆ ಮೊದಲ ಕಾರಣ ಇದೇ. ಬೆಳ್ಳಗಿನ ಬೇಸ್, ಅಂದರೆ ಫೌಂಡೇಶನ್ ಪದರ, ಬೆವರು ತಾಕಿದ ಕೂಡಲೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಲ್ಲಿ ಬಿಟ್ಟುಕೊಂಡಾಗ ಕೆಳಗಿನ ನಿಜವಾದ ಬಣ್ಣ ತೇಪೆ ಹಾಕಿದ ಹಾಗೆ ಕಾಣುತ್ತದೆ. ಚರ್ಮದ ಬಣ್ಣಕ್ಕೇ ಹೊಂದಿದ್ದರೆ ಅಲ್ಪಸ್ವಲ್ಪ ಹೋದರೂ ಯಾರಿಗೂ ಗೊತ್ತಾಗುವುದಿಲ್ಲ. "ಅಕ್ಕಾ, ನನ್ನ ಬಣ್ಣಕ್ಕೇ ಹಾಕಿ, ಬೆಳ್ಳಗೆ ಮಾಡೋದು ಬೇಡ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವರಾಗಿ ಕೇಳುವುದು ಅಪರೂಪ. ಹೊರದೇಶದಿಂದ ಮದುವೆಗೆಂದೇ ಬರುವವರು ಅಲ್ಲಿ ಕೊಂಡ ಶೇಡನ್ನೇ ನಂಬಬೇಡಿ. ಚಳಿಗಾಲದ ಚರ್ಮಕ್ಕೆ ಸರಿಹೋದದ್ದು ಇಲ್ಲಿ ಒಂದು ವಾರ ಬಿಸಿಲಲ್ಲಿ ಓಡಾಡಿದ ಮೇಲೆ ಹೊಂದುವುದಿಲ್ಲ.

ಏರ್‌ಬ್ರಶ್ ಅಂತ ಪ್ಯಾಕೇಜ್‌ಗಳಲ್ಲಿ ಕೇಳಿರುತ್ತೀರಿ. ಏರ್‌ಬ್ರಶ್ ಅಂದರೆ ಸಣ್ಣ ಯಂತ್ರದ ಗಾಳಿಯಲ್ಲಿ ಬೇಸ್ ಅನ್ನು ಮಂಜಿನ ಹಾಗೆ ಸಿಂಪಡಿಸುವುದು. ತೆಳುವಾಗಿ ಕೂರುತ್ತದೆ, ಆರತಕ್ಷತೆಗೆ ಚೆನ್ನ. ಆದರೆ ಕಣ್ಣೀರು ಹರಿದು ಗೆರೆ ಬಿದ್ದರೆ ಅದನ್ನು ಬೆರಳಲ್ಲಿ ಸರಿ ಮಾಡುವುದು ಕಷ್ಟ. ಧಾರೆ ಹೊತ್ತಿಗೆ ಅಳುವವರು ನೀವಾದರೆ ಬೆಳಿಗ್ಗೆಗೆ ಬ್ರಶ್, ಸ್ಪಂಜಿನ ಮೇಕಪ್ಪೇ ವಾಸಿ.

ಕೊನೆಯ ವಾರ, ಅರಿಶಿನ ಶಾಸ್ತ್ರ

ಫೇಶಿಯಲ್, ವ್ಯಾಕ್ಸಿಂಗ್, ಬ್ಲೀಚ್ ಏನಿದ್ದರೂ ಐದಾರು ದಿನ ಮುಂಚೆಯೇ ಮುಗಿಸಿ. ಹುಬ್ಬು ಎರಡು ದಿನ ಮುಂಚೆ. ಮೊಡವೆ, ಕಲೆಗೆ ಅಂತ ರೆಟಿನಾಲ್, ಸ್ಯಾಲಿಸಿಲಿಕ್ ಆಸಿಡ್ ಇರುವ ಕ್ರೀಮ್ ಹಚ್ಚುವವರು ನಾಲ್ಕೈದು ದಿನ ನಿಲ್ಲಿಸಿ. ಸಿಪ್ಪೆ ಏಳುವ ಚರ್ಮದ ಮೇಲೆ ಬೇಸ್ ಹಿಡಿಯುವುದೇ ಇಲ್ಲ. ಹೊಸದಾಗಿ ತಂದದ್ದು ಏನೇ ಇದ್ದರೂ ಕಿವಿಯ ಹಿಂದೆ ಹಚ್ಚಿ ಒಂದು ದಿನ ಬಿಟ್ಟು ನೋಡಿ. ಕೃತಕ ರೆಪ್ಪೆಗೂದಲು ಅಂಟಿಸುವ ಗ್ಲೂ ಅನ್ನು ಮರೆಯಬೇಡಿ. ಕೆಲವು ಗ್ಲೂಗಳಲ್ಲಿ ಲ್ಯಾಟೆಕ್ಸ್ (ಒಂದು ಥರದ ರಬ್ಬರ್) ಇದ್ದು ಕೆಲವರಿಗೆ ಆಗಿಬರುವುದಿಲ್ಲ, ಮದುವೆ ದಿನ ಕಣ್ಣು ಊದಿಕೊಂಡರೆ ಮಾಡುವುದು ಏನೂ ಇರುವುದಿಲ್ಲ.

ಅರಿಶಿನ ಶಾಸ್ತ್ರದ ಮರುದಿನ ಮುಖದ ಮೇಲೆ ಹಳದಿ ಉಳಿದೇ ಇರುತ್ತದೆ. ಅದರ ಮೇಲೆ ಫೌಂಡೇಶನ್ ಹಾಕಿದರೆ ಟ್ರಯಲ್‌ನಲ್ಲಿ ಹೊಂದಿದ್ದ ಶೇಡ್ ಕೂಡ ಹೊಂದುವುದಿಲ್ಲ. ಅರಿಶಿನದ ಬಣ್ಣ ನೀರಿಗೆ ಬಿಡುವುದಿಲ್ಲ, ಎಣ್ಣೆಗೆ ಬಿಡುತ್ತದೆ. ಸೋಪು ಹಾಕಿ ಉಜ್ಜಿದರೆ ಕೆಂಪಾಗುತ್ತದೆ, ಯಾಕೆಂದರೆ ಕ್ಷಾರ ತಾಕಿದರೆ ಅರಿಶಿನ ಕೆಂಪಿಗೆ ತಿರುಗುತ್ತದೆ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಕೆಂಪಾಗುವುದು ಇದರಿಂದಲೇ ಅಲ್ವಾ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿ, ಹತ್ತಿಯಲ್ಲಿ ಒರೆಸಿ. ಹಳದಿ ಹತ್ತಿಗೆ ಬರುವುದು ಕಾಣುತ್ತದೆ. ಎರಡು ಸಲ ಹೀಗೆ ಮಾಡಿ, ಆಮೇಲೆ ಕಡಲೆಹಿಟ್ಟು ಹಾಲಿನಲ್ಲಿ ತೊಳೆಯಿರಿ. ಶಾಸ್ತ್ರಕ್ಕೆ ಕೂರುವ ಮುಂಚೆಯೇ ತೆಳುವಾಗಿ ಎಣ್ಣೆ ಸವರಿಕೊಂಡಿದ್ದರೆ ಹಳದಿ ಅಷ್ಟು ಆಳಕ್ಕೆ ಹಿಡಿಯುವುದೂ ಇಲ್ಲ.

ಗಂಟೆಯ ಲೆಕ್ಕ

ಮೇಕಪ್ ಹಾಳಾಗುವುದು ಅವಸರದಿಂದ. ಮುಹೂರ್ತದಿಂದ ಹಿಂದಕ್ಕೆ ಲೆಕ್ಕ ಹಾಕಿ. ಧಾರೆ 9.30ಕ್ಕೆ ಅಂದುಕೊಳ್ಳಿ. ಗೌರಿ ಪೂಜೆಗೆ 8ಕ್ಕೆ ಕೂರಬೇಕು. ಸೀರೆ ಉಡುವುದಕ್ಕೆ, ಒಡವೆಗೆ ಮುಕ್ಕಾಲು ಗಂಟೆ. ತಲೆ, ಮೊಗ್ಗಿನ ಜಡೆಗೆ ಒಂದು ಗಂಟೆ. ಮುಖಕ್ಕೆ ಒಂದು ಗಂಟೆ. ಮಧ್ಯೆ ಯಾರಾದರೂ ಬಾಗಿಲು ತಟ್ಟುವುದಕ್ಕೆ ಕಾಲು ಗಂಟೆ. ಅಲ್ಲಿಗೆ 5ಕ್ಕೆಲ್ಲ ಕುರ್ಚಿಯಲ್ಲಿ ಇರಬೇಕು. ಸೀರೆಯ ನೆರಿಗೆ, ಸೆರಗು ಮೊದಲೇ ಇಸ್ತ್ರಿ ಮಾಡಿಸಿ ಪಿನ್ ಹಾಕಿಸಿಟ್ಟಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ಈಗ ಇದನ್ನೇ ಕೆಲಸ ಮಾಡಿಕೊಂಡವರು ಊರೂರಲ್ಲಿ ಸಿಗುತ್ತಾರೆ.

ಡ್ರೈಯರ್, ಕರ್ಲರ್ ಕೆಲಸ ಮುಖದ ಮೇಕಪ್‌ಗಿಂತ ಮೊದಲೇ ಮುಗಿಯಲಿ. ಆ ಬಿಸಿಗೆ ಹಣೆ ಬೆವರುತ್ತದೆ. ಹೂವು, ಜಡೆ ಮಾತ್ರ ಕೊನೆಗೆ. ಮುಖ ಮಾಡಿಸಿಕೊಳ್ಳುವಾಗ ಮುಂದೆ ಗುಂಡಿ ಇರುವ ಶರ್ಟ್ ಅಥವಾ ನೈಟಿ ಹಾಕಿಕೊಳ್ಳಿ. ತಲೆ ಮೇಲಿಂದ ತೆಗೆಯುವ ಬಟ್ಟೆ ಹಾಕಿ ಕೂತರೆ ಒಂದು ಗಂಟೆಯ ಕೆಲಸ ಕಾಲರಿಗೆ ಅಂಟುತ್ತದೆ.

ಬೇಸ್: ತೆಳುವಾಗಿ ಹಚ್ಚಿ, ಕಾಯಿರಿ

ಮೇಕಪ್ ನಿಲ್ಲುವುದು ಪದರ ದಪ್ಪ ಇದ್ದರೆ ಅಂತ ಬಹಳ ಜನ ತಿಳಿದಿದ್ದಾರೆ. ದಪ್ಪ ಪದರ ಮೊದಲು ಬಿರಿಯುತ್ತದೆ, ಮೊದಲು ಜಾರುತ್ತದೆ. ಗೋಡೆಗೆ ಬಣ್ಣ ಹೊಡೆಯುವವರು ಮೊದಲ ಕೋಟ್ ಒಣಗದೆ ಎರಡನೆಯದಕ್ಕೆ ಕೈ ಹಾಕುತ್ತಾರಾ? ಇಲ್ಲೂ ಹಾಗೆಯೇ.

ಮುಖ ತೊಳೆದು, ಒರೆಸಿ, ತೆಳ್ಳನೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಒಂದು ನಿಮಿಷ ಆಡಿಸಿ. ಬರೀ ಐಸನ್ನು ನೇರ ಚರ್ಮಕ್ಕೆ ಇಡಬೇಡಿ. ನಿದ್ದೆಗೆಟ್ಟ ಮುಖದ ಊತ ಇದರಿಂದ ಸ್ವಲ್ಪ ಇಳಿಯುತ್ತದೆ. ಆಮೇಲೆ ಮಾಯಿಶ್ಚರೈಸರ್. ಎಣ್ಣೆ ಚರ್ಮದವರು ಇದನ್ನು ಬಿಟ್ಟೇಬಿಡುತ್ತಾರೆ, ಹಾಗೆ ಮಾಡಬೇಡಿ. ಜೆಲ್ ಥರದ್ದು ಸ್ವಲ್ಪ ಹಚ್ಚಿ. ಐದು ನಿಮಿಷ ಕಾದು ಟಿಶ್ಯೂ ಒತ್ತಿ ನೋಡಿ. ಟಿಶ್ಯೂ ಮುಖಕ್ಕೆ ಅಂಟಿಕೊಂಡರೆ ಇನ್ನೂ ಒಣಗಿಲ್ಲ ಅಂತ ಅರ್ಥ.

ಫೌಂಡೇಶನ್ ಹಿಡಿದುಕೊಳ್ಳಲಿ ಅಂತ ಅದಕ್ಕಿಂತ ಮೊದಲು ಹಚ್ಚುವ ಪ್ರೈಮರ್ ಒಂದು ಅವರೆಕಾಳಿನಷ್ಟು ಸಾಕು. ಅದನ್ನೂ ಇಡೀ ಮುಖಕ್ಕೆ ಬಳಿಯಬೇಕಾಗಿಲ್ಲ. ಟ್ರಯಲ್ ದಿನ ಎಲ್ಲಿ ಬಿಟ್ಟುಕೊಂಡಿತ್ತೋ ಅಲ್ಲಿ ಬೆರಳಿನಿಂದ ಒತ್ತಿ. ಪ್ರೈಮರ್ ಮತ್ತು ಫೌಂಡೇಶನ್ ಎರಡೂ ಒಂದೇ ಜಾತಿಯದ್ದಾಗಿರಲಿ. ಒಂದು ಸಿಲಿಕೋನ್‌ದು, ಇನ್ನೊಂದು ನೀರಿನದ್ದಾದರೆ ಉಜ್ಜಿದಾಗ ಸುರುಳಿ ಸುರುಳಿಯಾಗಿ ಎದ್ದು ಬರುವ ಸಾಧ್ಯತೆ ಜಾಸ್ತಿ. ಲೇಬಲ್‌ನಲ್ಲಿ ಮೊದಲ ನಾಲ್ಕೈದು ಹೆಸರುಗಳಲ್ಲಿ ಡೈಮೆಥಿಕೋನ್ ಅಥವಾ ಸಿಲಾಕ್ಸೇನ್ ಅಂತ ಕೊನೆಯಾಗುವ ಪದ ಇದ್ದರೆ ಅದು ಸಿಲಿಕೋನ್‌ದು. ಗೊತ್ತಾಗದಿದ್ದರೆ ಎರಡನ್ನೂ ಅಂಗೈ ಹಿಂಭಾಗಕ್ಕೆ ಹಚ್ಚಿ ತಿಕ್ಕಿ ನೋಡಿ, ಉತ್ತರ ಅಲ್ಲೇ ಸಿಗುತ್ತದೆ.

ಫೌಂಡೇಶನ್‌ಗೆ ಒಂದು ಪಂಪ್‌ನಿಂದ ಶುರು ಮಾಡಿ. ಸ್ಪಂಜನ್ನು ನೀರಿನಲ್ಲಿ ಅದ್ದಿ, ಪೂರ್ತಿ ಹಿಂಡಿ, ಟವೆಲ್‌ನಲ್ಲಿ ಇನ್ನೊಮ್ಮೆ ಒತ್ತಿ. ಮುಖದ ನಡುವಿನಿಂದ ಹೊರಕ್ಕೆ ತಟ್ಟುತ್ತಾ ಹೋಗಿ. ಎಳೆಯಬೇಡಿ. ದವಡೆಯ ಅಂಚು, ಕಿವಿ, ಕತ್ತು ಬಿಡಬೇಡಿ. ಫೋಟೊದಲ್ಲಿ ಮುಖ ಒಂದು ಬಣ್ಣ, ತಾಳಿ ಕಟ್ಟುವ ಕತ್ತು ಒಂದು ಬಣ್ಣ ಕಂಡರೆ ಅಸಹ್ಯ. ಕಲೆ ಇನ್ನೂ ಕಾಣುತ್ತಿದ್ದರೆ ಇಡೀ ಮುಖಕ್ಕೆ ಎರಡನೇ ಪದರ ಬೇಡ, ಆ ಜಾಗಕ್ಕಷ್ಟೇ ಕನ್ಸೀಲರ್ ಇಡಿ. ಕಣ್ಣಿನ ಕೆಳಗಿನ ಕಪ್ಪಿಗೆ ಮೊದಲು ಕಿತ್ತಳೆ ಛಾಯೆಯ ಕರೆಕ್ಟರ್ ಚೂರೇ ಚೂರು, ಅದರ ಮೇಲೆ ಕನ್ಸೀಲರ್. ನಮ್ಮ ಬಣ್ಣದ ಚರ್ಮಕ್ಕೆ ಕಿತ್ತಳೆ ಇಲ್ಲದೆ ಬರೀ ಕನ್ಸೀಲರ್ ಹಾಕಿದರೆ ಕಣ್ಣಿನ ಕೆಳಗೆ ಬೂದು ಬಣ್ಣ ಕಾಣುತ್ತದೆ.

ಬ್ಲಶ್ ಎರಡು ಸಲ ಹಾಕಿ. ಮೊದಲು ಕ್ರೀಮ್ ಬ್ಲಶ್, ಪೌಡರ್ ಆದ ಮೇಲೆ ಅದೇ ಬಣ್ಣದ ಪೌಡರ್ ಬ್ಲಶ್. ಒಂದು ಹೋದರೂ ಇನ್ನೊಂದು ಉಳಿಯುತ್ತದೆ. ವೇದಿಕೆಯ ಲೈಟ್‌ಗಳು ಮುಖದ ಬಣ್ಣವನ್ನು ನುಂಗುತ್ತವೆ, ಹಾಗಾಗಿ ಕನ್ನಡಿಯಲ್ಲಿ ಸ್ವಲ್ಪ ಜಾಸ್ತಿ ಆಯ್ತು ಅನಿಸುವಷ್ಟು ಇದ್ದರೆ ಆರತಕ್ಷತೆಗೆ ಸರಿ. ಬೆಳಗಿನ ಮುಹೂರ್ತಕ್ಕೆ ಅದರ ಅರ್ಧ.

ಈಗ ಪೌಡರ್. ಲೂಸ್ ಪೌಡರನ್ನು ಪಫ್‌ಗೆ ತಗೊಂಡು, ಮಡಿಚಿ ಉಜ್ಜಿ, ಜಾಸ್ತಿಯಾದದ್ದನ್ನು ಕೊಡವಿ. ಆಮೇಲೆ ಮೂಗಿನ ಪಕ್ಕ, ಹಣೆ, ಗದ್ದ, ಮೇಲ್ದುಟಿಯ ಮೇಲೆ ಒತ್ತಿ. ಕೆನ್ನೆಗೆ ಬ್ರಶ್‌ನಲ್ಲಿ ಹಾಗೇ ಸವರಿದರೆ ಸಾಕು. ಮೇಕಪ್ ಹಿಡಿದಿಡುವ ಸೆಟ್ಟಿಂಗ್ ಸ್ಪ್ರೇ ಒಂದು ಗೇಣು ದೂರದಿಂದ, ಕಣ್ಣು ಬಾಯಿ ಮುಚ್ಚಿಕೊಂಡು. ಕೈಯಲ್ಲಿ ಮುಟ್ಟದೆ, ಬೀಸಣಿಗೆಯಲ್ಲಿ ಗಾಳಿ ಹಾಕಿ ಒಣಗಿಸಿ. ಮಂಗಳೂರು, ಉಡುಪಿ, ಕಾರವಾರದ ಕಡೆ ಮದುವೆಯಾದರೆ ಸ್ಪ್ರೇ ಒಣಗಿದ ಮೇಲೆ ಇನ್ನೊಂದು ಸುತ್ತು ಪೌಡರ್, ಇನ್ನೊಂದು ಸುತ್ತು ಸ್ಪ್ರೇ. ವೈಶಾಖದಲ್ಲಿ ಕಲಬುರಗಿ, ಬಳ್ಳಾರಿ ಕಡೆಯೂ ಹಾಗೆಯೇ ಮಾಡಬಹುದು. ಮಾಘದಲ್ಲಿ ಬೆಂಗಳೂರಿನ ಒಣಗಾಳಿಗೆ ಇದನ್ನೇ ಮಾಡಿದರೆ ಮಾತ್ರ ಮಧ್ಯಾಹ್ನದೊಳಗೆ ನಗುವ ಗೆರೆಯಲ್ಲಿ ಬಿರುಕು ಬಿಡುತ್ತದೆ. ಅಲ್ಲಿ ಮಾಯಿಶ್ಚರೈಸರ್ ಜಾಸ್ತಿ, ಪೌಡರ್ ಕಮ್ಮಿ.

ಪೌಡರ್ ಆದ ಮೇಲೆ ರೂಮಿನ ಲೈಟ್ ಆರಿಸಿ ಮೊಬೈಲ್ ಫ್ಲ್ಯಾಶ್ ಹಾಕಿ ಒಂದು ಫೋಟೊ ತೆಗೆಸಿಕೊಳ್ಳಿ. ಸಿಲಿಕಾ ಇರುವ ಬಿಳಿ ಪೌಡರ್‌ಗಳು, ಜಿಂಕ್ ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನ್‌ಗಳು ಕಣ್ಣಿಗೆ ಕಾಣದೆ ಫ್ಲ್ಯಾಶ್‌ಗೆ ಮಾತ್ರ ಬೆಳ್ಳಗೆ ಹೊಳೆಯಬಹುದು. ಆಲ್ಬಂ ಬಂದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಒಳ್ಳೆಯದು. ಸಂಜೆ ಒಳಾಂಗಣದ ಆರತಕ್ಷತೆಗೆ ಸನ್‌ಸ್ಕ್ರೀನ್ ಬೇಕಾಗಿಯೂ ಇಲ್ಲ.

ಕಣ್ಣು

ಕಾಡಿಗೆ ಇಲ್ಲದೆ ಮದುಮಗಳು ಅನಿಸುವುದಿಲ್ಲ, ನಿಜ. ಆದರೆ ಕಣ್ಣಿನ ಒಳಂಚಿಗೆ ಹಚ್ಚಿದ ಕಾಡಿಗೆ ಹೊಗೆ ತಾಕಿದ ಹತ್ತು ನಿಮಿಷಕ್ಕೆ ಕೆಳಗೆ ಇಳಿಯುತ್ತದೆ. ವಾಟರ್‌ಪ್ರೂಫ್ ಅಂತ ಬರೆದದ್ದೂ ಇಳಿಯುತ್ತದೆ, ಯಾಕೆಂದರೆ ಆ ಜಾಗ ಯಾವತ್ತೂ ಒದ್ದೆ. ಕಪ್ಪನ್ನು ಮೇಲಿನ ರೆಪ್ಪೆಗೆ ಕೊಡಿ. ಜೆಲ್ ಲೈನರನ್ನು ರೆಪ್ಪೆ ಕೂದಲಿನ ಬುಡದಲ್ಲಿ ಚುಕ್ಕೆ ಚುಕ್ಕೆಯಾಗಿ ತುಂಬಿ, ಅದರ ಮೇಲೆ ಕಪ್ಪು ಐಶ್ಯಾಡೋ ಒತ್ತಿ. ಕೆಳಗೆ ಬೇಕೇ ಬೇಕು ಅನಿಸಿದರೆ ಹೊರಗಿನ ಮೂಲೆಯಿಂದ ಮೂರನೇ ಒಂದು ಭಾಗ, ಅದೂ ರೆಪ್ಪೆ ಕೂದಲಿನ ಹೊರಗೆ. ಮಸ್ಕಾರ ಮೇಲಿನ ಕೂದಲಿಗೆ ಮಾತ್ರ. ಅಂಟಿಸುವ ರೆಪ್ಪೆಗೆ ಗ್ಲೂ ಹಚ್ಚಿದ ಕೂಡಲೇ ಇಡಬೇಡಿ, ಅರ್ಧ ನಿಮಿಷ ಕಾದು ಅಂಟಂಟಾದ ಮೇಲೆ ಇಡಿ. ಜಾರುವುದಿಲ್ಲ.

ಇನ್ನೊಬ್ಬರ ಮಸ್ಕಾರ, ಕಾಡಿಗೆ ನಿಮ್ಮ ಕಣ್ಣಿಗೆ ಬೇಡ. ಅಕ್ಕತಂಗಿಯರದ್ದೂ ಬೇಡ. ಕಣ್ಣು ಬೇನೆ ಹರಡುವುದಕ್ಕೆ ಇದು ಸುಲಭದ ದಾರಿ. ಮೇಕಪ್‌ಗೆ ಬಂದವರು ಮಸ್ಕಾರಕ್ಕೆ ಬಿಸಾಡುವ ಕಡ್ಡಿ ತಂದಿದ್ದಾರಾ ಕೇಳಿ. ತರದಿದ್ದರೆ ನಿಮ್ಮದನ್ನೇ ಕೊಡಿ. ತೆರೆದು ಆರು ತಿಂಗಳಾದ ಮಸ್ಕಾರ ಇಟ್ಟುಕೊಂಡಿದ್ದರೆ ಬಿಸಾಡಿ ಹೊಸದು ತಗೊಳ್ಳಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೇಕಪ್‌ಗಿಂತ ಮುಂಚೆ ಹಾಕಿ, ಮೇಕಪ್ ತೆಗೆಯುವ ಮುಂಚೆ ತೆಗೆಯಿರಿ. ಹೋಮದ ಹೊಗೆಗೆ ಲೆನ್ಸ್ ಉರಿಯುತ್ತದೆ. ಕನ್ನಡಕ, ಕಣ್ಣಿನ ಡ್ರಾಪ್ಸ್ ತಂಗಿಯ ಕೈಯಲ್ಲಿರಲಿ.

ತುಟಿ

ತುಟಿಯ ಸಿಪ್ಪೆಯನ್ನು ಹಿಂದಿನ ರಾತ್ರಿಯೇ ತುಪ್ಪ ಹಚ್ಚಿ ಮೆತ್ತಗೆ ಮಾಡಿ ತೆಗೆದಿರಿ. ಬಾಮ್ ಏನಾದರೂ ಹಚ್ಚಿದ್ದರೆ ಲಿಪ್‌ಸ್ಟಿಕ್ ಮುಂಚೆ ಪೂರ್ತಿ ಒರೆಸಿ. ಲಿಪ್ ಲೈನರ್‌ನಿಂದ ಅಂಚಷ್ಟೇ ಬರೆಯದೆ ಇಡೀ ತುಟಿ ತುಂಬಿ. ಅದರ ಮೇಲೆ ಲಿಪ್‌ಸ್ಟಿಕ್. ಟಿಶ್ಯೂವಿನ ಒಂದೇ ಎಳೆ ಬಿಡಿಸಿ ತುಟಿ ಮೇಲಿಟ್ಟು, ಅದರ ಮೇಲಿಂದ ಪೌಡರ್ ಒತ್ತಿ. ಮತ್ತೆ ಒಂದು ತೆಳು ಪದರ. ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ಆದರೆ ಒಂದೇ ಪದರ ಹಚ್ಚಿ, ತುಟಿ ಒತ್ತದೆ ಎರಡು ನಿಮಿಷ ಒಣಗಲು ಬಿಡಿ.

ಇಷ್ಟೆಲ್ಲ ಮಾಡಿದರೂ ಊಟದ ಮುಂದೆ ಯಾವ ಲಿಪ್‌ಸ್ಟಿಕ್ಕೂ ಪೂರ್ತಿ ನಿಲ್ಲುವುದಿಲ್ಲ. ನೀರು, ಕಾಫಿಗೆ ಹೋಗದ ಮ್ಯಾಟ್ ಬಣ್ಣ ಹೋಳಿಗೆ ತುಪ್ಪಕ್ಕೆ, ಬೋಂಡದ ಎಣ್ಣೆಗೆ ಕರಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳದೆ ಹೊಟ್ಟೆ ತುಂಬಾ ಊಟ ಮಾಡಿ. ಉಳಿದ ಚೂರನ್ನು ಪೂರ್ತಿ ಒರೆಸಿ ಹೊಸದಾಗಿ ಹಚ್ಚಿ. ಅರ್ಧ ಹೋದದ್ದರ ಮೇಲೆ ಬಳಿದರೆ ಗಟ್ಟಿಕಟ್ಟುತ್ತದೆ.

ವೇದಿಕೆಯ ಮೇಲೆ

ಮೂರು ಗಂಟೆ ಲೈಟ್ ಕೆಳಗೆ ನಿಂತು ಕೈ ಕುಲುಕುವಾಗ ಬೆವರು ಬಂದೇ ಬರುತ್ತದೆ. ಬೆವರಿನ ಮೇಲೆ ಕಾಂಪ್ಯಾಕ್ಟ್ ಹಚ್ಚುವುದು ಎಲ್ಲರೂ ಮಾಡುವ ಕೆಲಸ, ಮಾಡಬಾರದ ಕೆಲಸ. ಅದು ಅಲ್ಲೇ ಮುದ್ದೆಯಾಗುತ್ತದೆ. ಮೊದಲು ಟಿಶ್ಯೂ ಅಥವಾ ಎಣ್ಣೆ, ಬೆವರು ಹೀರುವ ಬ್ಲಾಟಿಂಗ್ ಪೇಪರ್ ಒತ್ತಿ ಮೂರು ಎಣಿಸಿ ಎತ್ತಿ. ಒರೆಸಬೇಡಿ. ಒಣಗಿದ ಮೇಲೆ ಬೇಕಾದರೆ ಪೌಡರ್. ಅರ್ಧ ಗಂಟೆಗೊಮ್ಮೆ ಇದನ್ನು ಮಾಡುವುದಕ್ಕೆ ಅಂತಲೇ ಒಬ್ಬ ತಂಗಿಯನ್ನೋ ಗೆಳತಿಯನ್ನೋ ನೇಮಿಸಿ. ಅವಳ ಬ್ಯಾಗಿನಲ್ಲಿ ಬ್ಲಾಟಿಂಗ್ ಪೇಪರ್, ಪಫ್ ಮತ್ತು ಪೌಡರ್, ಅದೇ ಲಿಪ್‌ಸ್ಟಿಕ್, ಹತ್ತಿಕಡ್ಡಿ, ರೆಪ್ಪೆ ಗ್ಲೂ, ಬೊಟ್ಟಿನ ಪಾಕೀಟು, ಸೇಫ್ಟಿ ಪಿನ್, ಒಂದು ಸ್ಟ್ರಾ ಇರಲಿ. ಸಣ್ಣ ಬ್ಯಾಟರಿ ಫ್ಯಾನ್ ಇದ್ದರೆ ಇನ್ನೂ ಒಳ್ಳೆಯದು. ಮೇಕಪ್‌ನವರು ಹೋಗುವ ಮುಂಚೆ ಲಿಪ್‌ಸ್ಟಿಕ್ ಯಾವುದು ಅಂತ ಕೇಳಿ, ಒಂದು ಚೂರು ಡಬ್ಬಿಗೆ ಹಾಕಿಸಿಕೊಳ್ಳಿ.

ರಾತ್ರಿ ಹನ್ನೊಂದಕ್ಕೆ

ಇದೇ ಮುಖ್ಯವಾದ ಭಾಗ, ಎಲ್ಲರೂ ಬಿಡುವ ಭಾಗವೂ ಇದೇ. ಸುಸ್ತಾಗಿರುತ್ತದೆ. ಒದ್ದೆ ವೈಪ್‌ನಲ್ಲಿ ನಾಲ್ಕು ಸಲ ಒರೆಸಿ ಮಲಗೋಣ ಅನಿಸುತ್ತದೆ. ನೀರಿಗೆ ಹೋಗದ ಹಾಗೆ ಮಾಡಿದ ಮೇಕಪ್ ನೀರಿನ ವೈಪ್‌ಗೆ ಹೇಗೆ ಹೋಗುತ್ತದೆ ಹೇಳಿ? ಉಜ್ಜಿ ಉಜ್ಜಿ ಮುಖ ಕೆಂಪಾಗುತ್ತದೆ, ರಂಧ್ರಗಳಲ್ಲಿ ಅರ್ಧ ಹಾಗೇ ಉಳಿಯುತ್ತದೆ. ಬೆಳಿಗ್ಗೆಯ ಬೇಸ್ ಪ್ಯಾಚ್ ಪ್ಯಾಚ್ ಆಗುವುದು ಇದರಿಂದ.

ಎಣ್ಣೆಯಿಂದಲೇ ತೆಗೆಯಬೇಕು. ರಾತ್ರಿಯಿಡೀ ಕುಣಿದ ಯಕ್ಷಗಾನದ ಕಲಾವಿದರು ಬೆಳಿಗ್ಗೆ ಬಣ್ಣ ತೆಗೆಯುವುದು ಕೊಬ್ಬರಿ ಎಣ್ಣೆಯಲ್ಲಿ. ಅವರ ಬಣ್ಣದ ಮುಂದೆ ನಮ್ಮ ಫೌಂಡೇಶನ್ ಯಾವ ಲೆಕ್ಕ. ಮೊದಲು ಕಣ್ಣು: ಎಣ್ಣೆ ಅಥವಾ ರಿಮೂವರ್ ಅದ್ದಿದ ಹತ್ತಿಯನ್ನು ಮುಚ್ಚಿದ ರೆಪ್ಪೆಯ ಮೇಲೆ ಅರ್ಧ ನಿಮಿಷ ಇಡಿ, ತಿಕ್ಕಬೇಡಿ, ಕೆಳಕ್ಕೆ ಎಳೆದು ತೆಗೆಯಿರಿ. ಅಂಟಿಸಿದ ರೆಪ್ಪೆಯೂ ಆಗಲೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಒಣಗಿದ ಮುಖಕ್ಕೆ ಒಂದು ಚಮಚ ಎಣ್ಣೆ ಅಥವಾ ಕ್ಲೆನ್ಸಿಂಗ್ ಬಾಮ್ ಹಾಕಿ ಒಂದು ನಿಮಿಷ ಮೆಲ್ಲಗೆ ಸುತ್ತಿ. ಮೆತ್ತನೆಯ ಬಟ್ಟೆಯನ್ನು ಬೆಚ್ಚಗಿನ ನೀರಲ್ಲಿ ಹಿಂಡಿ ಒರೆಸಿ. ಕೊನೆಗೆ ಫೇಸ್‌ವಾಶ್. ಮೊಡವೆ ಬರುವವರು ಕೊಬ್ಬರಿ ಎಣ್ಣೆಯ ಬದಲು ನೀರಿಗೆ ತೊಳೆದು ಹೋಗುವ ಕ್ಲೆನ್ಸಿಂಗ್ ಆಯಿಲ್ ಬಳಸಿ. ಕೂದಲಿನ ಅಂಚು, ಕಿವಿಯ ಹಿಂದೆ ನೋಡಿ. ಬಿಳಿ ಹತ್ತಿ ಒರೆಸಿದಾಗ ಬಿಳಿಯಾಗಿಯೇ ಬಂದರೆ ಮುಗಿಯಿತು. ಮಾಯಿಶ್ಚರೈಸರ್ ಹಚ್ಚಿ, ತಲೆ ಕೆಳಗೆ ಎರಡು ದಿಂಬು ಇಟ್ಟು ಮಲಗಿ. ಒಟ್ಟು ಹತ್ತು ನಿಮಿಷದ ಕೆಲಸ.

ಬೆಳಿಗ್ಗೆ: ಬೊಟ್ಟು, ಬಾಸಿಂಗ, ಮುತ್ತೈದೆಯರು

ಬೊಟ್ಟು ಇಡುವ ಜಾಗಕ್ಕೆ ಮಾಯಿಶ್ಚರೈಸರ್, ಪ್ರೈಮರ್ ತಾಕಿಸಬೇಡಿ. ತಾಕಿದ್ದರೆ ಹತ್ತಿಕಡ್ಡಿಯಲ್ಲಿ ಒರೆಸಿ. ಸ್ಟಿಕ್ಕರ್‌ನ ಹಿಂದೆ ಚೂರು ರೆಪ್ಪೆ ಗ್ಲೂ ಹಾಕಿದರೆ ಮಧ್ಯಾಹ್ನದ ತನಕ ಕದಲುವುದಿಲ್ಲ. ಬಾಸಿಂಗ ಕಟ್ಟುವ ಮನೆತನವಾದರೆ ಬೊಟ್ಟನ್ನು ಹುಬ್ಬಿನ ಮಧ್ಯಕ್ಕೆ ಇಳಿಸಿ. ಬಾಸಿಂಗದ ಕೆಳಗೆ ಹಣೆ ಬೆವರುತ್ತದೆ. ಅಲ್ಲಿ ಬೇಸ್ ತೀರಾ ತೆಳ್ಳಗಿದ್ದಷ್ಟೂ ಒಳ್ಳೆಯದು, ದಾರ ಉಜ್ಜಿದರೂ ಗೆರೆ ಕಾಣುವುದಿಲ್ಲ.

ಇನ್ನು ಅರಿಶಿನ ಕುಂಕುಮ. ಹತ್ತಿಪ್ಪತ್ತು ಮುತ್ತೈದೆಯರು ಸಾಲಾಗಿ ಬಂದು ಕೆನ್ನೆಗೆ ಅರಿಶಿನ ಹಚ್ಚುತ್ತಾರೆ. ಒಂದು ಗಂಟೆ ಕೂತು ಮಾಡಿದ ಬೇಸ್ ಮೇಲೆ ಎರಡೂ ಕಡೆ ಐದೈದು ಹಳದಿ ಬೆರಳು. ಬೇಡ ಅನ್ನುವುದಕ್ಕೆ ಆಗುತ್ತದಾ? ಆಗುವುದಿಲ್ಲ, ಅನ್ನಲೂಬಾರದು. ಆದರೆ ಬಟ್ಟಲಲ್ಲಿ ಏನಿದೆ ಅನ್ನುವುದು ನಮ್ಮ ಕೈಯಲ್ಲಿದೆ. ನೀರಲ್ಲಿ ಕಲಸಿದ ಅರಿಶಿನ ಕೆನ್ನೆಗೆ ಹಿಡಿದುಕೊಳ್ಳುತ್ತದೆ. ಒಣ ಪುಡಿ ಅಷ್ಟು ಹಿಡಿಯುವುದಿಲ್ಲ. ತಟ್ಟೆ ಸಿದ್ಧ ಮಾಡುವ ಅತ್ತಿಗೆಗೆ ಹಿಂದಿನ ದಿನವೇ ಹೇಳಿ, ಒಣ ಪುಡಿಯೇ ಇಡಲಿ. ಪಕ್ಕದಲ್ಲಿ ನಿಂತ ತಂಗಿ "ಅಜ್ಜಿ, ಕೆನ್ನೆಗೆ ಸುಮ್ನೆ ಮುಟ್ಟಿಸಿ, ಕೈಗೆ ಚೆನ್ನಾಗಿ ಹಚ್ಚಿ" ಅಂತ ನಗುತ್ತಾ ಹೇಳಿದರೆ ಯಾವ ಅಜ್ಜಿಯೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಲ್ಲರದ್ದೂ ಆದ ಮೇಲೆ ದೊಡ್ಡ ಒಣ ಬ್ರಶ್ ತಗೊಂಡು ಮೇಲಿನಿಂದ ಕೆಳಕ್ಕೆ ಜಾಡಿಸಿ. ಮೂಗಿನ ಮೇಲೆ ಉದುರಿದ ಕುಂಕುಮಕ್ಕೂ ಇದೇ. ಕರ್ಚೀಫು, ಒದ್ದೆ ಟಿಶ್ಯೂ ಹತ್ತಿರ ತರಬೇಡಿ. ನೀರು ತಾಕಿದರೆ ಕುಂಕುಮ ಕೆಂಪು ಗೆರೆಯಾಗಿ ಹರಿದು ಮೂಗಿನ ತನಕ ಬರುತ್ತದೆ.

ಹೊಗೆಗೆ ಕಣ್ಣಲ್ಲಿ ನೀರು ಬಂದಾಗ, ಹೆಣ್ಣು ಒಪ್ಪಿಸುವಾಗ ಅಳು ಬಂದಾಗ, ಟಿಶ್ಯೂವನ್ನು ಮೂಲೆ ಚೂಪಾಗುವ ಹಾಗೆ ಮಡಿಚಿ ಆ ತುದಿಯನ್ನು ಕಣ್ಣಿನ ಕೆಳ ಅಂಚಿಗೆ ಇಡಿ. ಕೆನ್ನೆಗೆ ಇಳಿಯುವ ಮುಂಚೆ ಟಿಶ್ಯೂ ಹೀರಿಕೊಳ್ಳುತ್ತದೆ. ಕೈ ಬೆರಳಲ್ಲಿ ಒರೆಸಬೇಡಿ, ಸೆರಗಿನಿಂದಂತೂ ಬೇಡವೇ ಬೇಡ. ರೇಷ್ಮೆ ಸೀರೆಗೆ ಫೌಂಡೇಶನ್ ಹತ್ತಿದರೆ ನೀರು ಹಾಕಿ ಉಜ್ಜಬೇಡಿ, ಡ್ರೈ ಕ್ಲೀನಿಂಗ್‌ಗೆ ಕೊಡಿ. ಸೆಂಟು, ಹೇರ್ ಸ್ಪ್ರೇ ಎಲ್ಲ ಸೀರೆ ಉಡುವ ಮುಂಚೆಯೇ ಮುಗಿದಿರಲಿ, ಜರಿ ಕಪ್ಪಾಗುತ್ತದೆ.

ಅತಿಥಿಯಾಗಿ ಹೋಗುವವರಿಗೆ

ಗೆಳತಿಯ ಆರತಕ್ಷತೆಗೋ ಆಫೀಸಿನ ಸಂಜೆ ಪಾರ್ಟಿಗೋ ಹೋಗುವವರಿಗೆ ಇದರಲ್ಲಿ ಕಾಲು ಭಾಗ ಸಾಕು. ಮೂಗಿನ ಪಕ್ಕ ಪ್ರೈಮರ್, ಬೇಕಾದ ಕಡೆ ಕನ್ಸೀಲರ್, ಒತ್ತಿದ ಪೌಡರ್, ಮೇಲಿನ ರೆಪ್ಪೆಗೆ ಲೈನರ್, ಲಿಪ್ ಲೈನರ್ ತುಂಬಿದ ತುಟಿ. ಕೆಲಸದಿಂದ ನೇರ ಹೋಗುವವರು ಬೆಳಗಿನ ಮೇಕಪ್ ಮೇಲೆ ಇನ್ನೊಂದನ್ನು ಪೇರಿಸಬೇಡಿ. ಮೈಸೆಲ್ಲರ್ ನೀರು (ಮೇಕಪ್ ಒರೆಸುವ ದ್ರವ) ಅದ್ದಿದ ಹತ್ತಿಯಲ್ಲಿ ಮೂಗು, ಹಣೆ, ಗದ್ದ ಒರೆಸಿ, ಅಲ್ಲಿಗಷ್ಟೇ ಹೊಸದಾಗಿ ಹಾಕಿ. ಕೆನ್ನೆಯದ್ದು ಸಾಮಾನ್ಯವಾಗಿ ಹಾಗೇ ಇರುತ್ತದೆ.

ಮದುಮಗನನ್ನು ಯಾರೂ ಕೇಳುವುದಿಲ್ಲ ಪಾಪ. ಪೇಟದ ಕೆಳಗೆ ಅವನ ಹಣೆ ಎಲ್ಲರಿಗಿಂತ ಜಾಸ್ತಿ ಬೆವರುತ್ತದೆ, ಫೋಟೊದಲ್ಲಿ ಹೊಳೆಯುವುದೂ ಅವನೇ. ಬಣ್ಣ ಇಲ್ಲದ ಪೌಡರನ್ನು ಹಣೆ, ಮೂಗಿಗೆ ಒತ್ತಿದರೆ ಮೇಕಪ್ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಶೇವಿಂಗ್ ಹಿಂದಿನ ದಿನ ಸಂಜೆಯೇ ಆಗಲಿ. ಬೆಳಿಗ್ಗೆ ಆಗಷ್ಟೇ ಶೇವ್ ಮಾಡಿದ ಕೆನ್ನೆಗೆ ಪೌಡರ್ ಉರಿಯುತ್ತದೆ. ಪಂಚೆಗೆ ಜೇಬು ಇರುವುದಿಲ್ಲ, ನಾಲ್ಕು ಬ್ಲಾಟಿಂಗ್ ಪೇಪರ್ ಅವನ ಪಕ್ಕ ಕೂರುವ ತಮ್ಮನ ಕೈಗೆ ಕೊಟ್ಟಿರಿ.